ಮೊದಲು ಮಗುವನ್ನು ನೋಡಿ, ಆಮೇಲೆ ಥರ್ಮಾಮೀಟರ್: ಮಕ್ಕಳ ಜ್ವರದ ಬಗ್ಗೆ ಅಮ್ಮಂದಿರಿಗೆ

ರಾತ್ರಿ ಎರಡು ಗಂಟೆ. ನಿದ್ದೆಗಣ್ಣಲ್ಲಿ ಪಕ್ಕದಲ್ಲಿ ಮಲಗಿದ ಮಗುವಿನ ಮೇಲೆ ಕೈ ಇಟ್ಟರೆ ಮೈ ಕಾದ ಹಂಚಿನ ಹಾಗಿದೆ. ನಿದ್ದೆ ಹಾರಿ ಹೋಗುತ್ತದೆ, ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಮಕ್ಕಳಿರುವ ಎಲ್ಲರಿಗೂ ಈ ಘಳಿಗೆ ಗೊತ್ತು, ಅಲ್ವಾ?

ನನ್ನ ಮಗಳಿಗೆ 11 ತಿಂಗಳಿದ್ದಾಗ ಅಂಥ ಮೊದಲ ರಾತ್ರಿ ಬಂತು. ಥರ್ಮಾಮೀಟರ್ 103 ತೋರಿಸಿತು. ಸಿರಪ್ ಕುಡಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ 102.6. ಇಳಿಯಲಿಲ್ಲವಲ್ಲ ಎಂದು ತಣ್ಣೀರಲ್ಲಿ ಬಟ್ಟೆ ಅದ್ದಿ ಮೈಯೆಲ್ಲ ಒರೆಸಿದೆ, ಅವಳು ಗಡಗಡ ನಡುಗಿ ಚೀರಿ ಅತ್ತಳು, ನಡುಗುತ್ತಾಳೆಂದು ಎರಡು ಹೊದಿಕೆ ಸುತ್ತಿದೆ, ಮೈ ಇನ್ನಷ್ಟು ಕಾಯಿತು. ಅತ್ತೂ ಅತ್ತೂ ಸುಸ್ತಾಗಿ ನಿದ್ದೆ ಹೋದವಳನ್ನು ನಾಲ್ಕು ಗಂಟೆಗೆ ಎಬ್ಬಿಸಿ ಮತ್ತೆ ಅಳೆದೆ. ಬೆಳಗ್ಗೆ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ್ದು ಬೇರೆಯೇ. "ರಾತ್ರಿಯಿಂದ ಎಷ್ಟು ಸಲ ಮೂತ್ರ ಮಾಡಿದ್ದಾಳೆ? ಹಾಲು ಕುಡಿದಳಾ? ಜ್ವರ ಸ್ವಲ್ಪ ಇಳಿದಾಗ ಆಟ ಆಡಿದಳಾ?" ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ರಾತ್ರಿಯಿಡೀ ನಾನು ನೋಡಿದ್ದು ಥರ್ಮಾಮೀಟರನ್ನು.

ಅವತ್ತಿನಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಯನ್ನು 98.6ಕ್ಕೆ ತಂದು ನಿಲ್ಲಿಸುವುದು ನಮ್ಮ ಕೆಲಸವಲ್ಲ. ಮಗು ಹೇಗಿದೆ ಎಂದು ಗಮನಿಸಬೇಕು, ಕುಡಿಸುತ್ತಿರಬೇಕು, ಹಾಯಾಗಿಡಬೇಕು, ಅಪಾಯದ ಗುರುತು ಕಂಡರೆ ಒಂದು ನಿಮಿಷವೂ ಕಾಯದೆ ಓಡಬೇಕು. ಇಷ್ಟೇ.

ಈ ಭಯ ನಿಮ್ಮೊಬ್ಬರದೇ ಅಲ್ಲ

1980ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಬಾರ್ಟನ್ ಶ್ಮಿಟ್ 81 ತಂದೆತಾಯಿಯರನ್ನು ಜ್ವರದ ಬಗ್ಗೆ ಕೇಳಿದರು. ಅರ್ಧಕ್ಕಿಂತ ಹೆಚ್ಚು ಜನ 104 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಜ್ವರವೂ ಮೆದುಳಿಗೆ, ನರಗಳಿಗೆ ಪೆಟ್ಟು ಕೊಡುತ್ತದೆ ಎಂದು ನಂಬಿದ್ದರು. ಶ್ಮಿಟ್ ಇದಕ್ಕೆ 'ಫೀವರ್ ಫೋಬಿಯಾ' ಎಂದು ಹೆಸರಿಟ್ಟರು, ಅಂದರೆ ಜ್ವರದ ಅತಿ ಭಯ. ಇಪ್ಪತ್ತು ವರ್ಷ ಕಳೆದು 2001ರಲ್ಲಿ ಬೇರೆ ವೈದ್ಯರು ಅದೇ ಥರದ ಪ್ರಶ್ನೆಗಳನ್ನು ಕೇಳಿದಾಗಲೂ ಭಯ ಹಾಗೇ ಇತ್ತು. ಜ್ವರದ ಔಷಧಿ ಕೊಡಲು ಮಲಗಿದ ಮಗುವನ್ನು ಎಬ್ಬಿಸುತ್ತೇವೆ ಎಂದವರು ನೂರಕ್ಕೆ 85 ಜನ. ನಾನು ಮಾಡಿದ್ದನ್ನೇ ಅಷ್ಟೂ ಜನ ಮಾಡುತ್ತಾರೆ ಎಂದು ಓದಿದಾಗ ಮನಸ್ಸಿಗೆ ಒಂಥರಾ ಸಮಾಧಾನವಾಯಿತು, ಜೊತೆಗೆ ಇದನ್ನು ನಮಗೆ ಯಾರೂ ಮೊದಲೇ ಹೇಳಿಕೊಡುವುದಿಲ್ಲವಲ್ಲ ಎಂದು ಬೇಸರವೂ ಆಯಿತು.

ಮೆದುಳಿನ ಭಯವನ್ನೇ ಮೊದಲು ತೆಗೆದುಕೊಳ್ಳೋಣ. ನೆಗಡಿ, ಗಂಟಲು ನೋವು, ವೈರಸ್ ಸೋಂಕಿನಿಂದ ಬರುವ ಜ್ವರ ತಾನಾಗಿಯೇ ಏರುತ್ತಾ ಹೋಗಿ ಮೆದುಳನ್ನು ಸುಡುವುದಿಲ್ಲ. ದೇಹದ ಶಾಖ 107.6 ಡಿಗ್ರಿ, ಅಂದರೆ 42 ಸೆಲ್ಸಿಯಸ್ ದಾಟಿದರೆ ಮೆದುಳಿಗೆ ಅಪಾಯ ನಿಜ. ಆದರೆ ಸೋಂಕಿನ ಜ್ವರ ಅಷ್ಟು ಎತ್ತರಕ್ಕೆ ಹೋಗುವುದು ತೀರಾ ಅಪರೂಪ, ಯಾಕೆಂದರೆ ಅದರ ಲಗಾಮು ಮೆದುಳಿನ ಕೈಯಲ್ಲೇ ಇರುತ್ತದೆ. ಮೆದುಳಿನಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಮೈ ಎಷ್ಟು ಬಿಸಿ ಇರಬೇಕೆಂದು ಗೊತ್ತು ಮಾಡುವುದು ಅದು. ಸೋಂಕು ಬಂದಾಗ ಅದು ಆ ಮಟ್ಟವನ್ನು ಬೇಕೆಂದೇ ಮೇಲೆ ಸರಿಸುತ್ತದೆ.

ಮಗುವಿಗೆ ಜ್ವರ ಏರುವಾಗ ಚಳಿ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಮಟ್ಟ ಮೇಲೆ ಹೋಗಿದೆ, ಮೈ ಇನ್ನೂ ಅಲ್ಲಿಗೆ ತಲುಪಿಲ್ಲ. ಹಾಗಾಗಿ ದೇಹಕ್ಕೆ ತಾನು ತಣ್ಣಗಿದ್ದೇನೆ ಅನ್ನಿಸುತ್ತದೆ. ಕೈಕಾಲು ಮಂಜಿನ ಹಾಗೆ ತಣ್ಣಗಾಗುತ್ತವೆ, ಹಣೆ ಹೊಟ್ಟೆ ಸುಡುತ್ತಿರುತ್ತವೆ, ಮಗು ನಡುಗುತ್ತದೆ. ಮಟ್ಟ ಮತ್ತೆ ಕೆಳಗಿಳಿದಾಗ ಬೆವರು ಕಿತ್ತು ಬರುತ್ತದೆ. ನಡುಕ ಬಂದರೆ ಜ್ವರ ಏರುತ್ತಿದೆ ಎಂದೂ ಬೆವರು ಬಂದರೆ ಇಳಿಯುತ್ತಿದೆ ಎಂದೂ ತಿಳಿಯಬಹುದು.

ದೇಹ ಇಷ್ಟು ಕಷ್ಟಪಟ್ಟು ಬಿಸಿಯಾಗುವುದು ಯಾಕೆ? 1975ರಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಗಾರರು ಇಗ್ವಾನಾ ಎಂಬ ಹಲ್ಲಿಜಾತಿಯ ಪ್ರಾಣಿಯ ಮೇಲೆ ಒಂದು ಪ್ರಯೋಗ ಮಾಡಿದರು. ಹಲ್ಲಿಗಳಿಗೆ ನಮ್ಮ ಹಾಗೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳಲು ಆಗುವುದಿಲ್ಲ, ಅವು ಬಿಸಿ ಜಾಗಕ್ಕೆ ಸರಿದು ಕೂರಬೇಕು. ಸೋಂಕು ತಗಲಿದ ಇಗ್ವಾನಾಗಳನ್ನು ಬೇರೆ ಬೇರೆ ಶಾಖದಲ್ಲಿ ಇಟ್ಟಾಗ, ಬೆಚ್ಚಗಿದ್ದವುಗಳಲ್ಲಿ ಹೆಚ್ಚಿನವು ಬದುಕಿದವು, ತಣ್ಣಗಿದ್ದವುಗಳಲ್ಲಿ ಹೆಚ್ಚಿನವು ಸತ್ತವು. ಮೈ ಬಿಸಿ ಇದ್ದರೆ ಎಷ್ಟೋ ವೈರಸ್, ಬ್ಯಾಕ್ಟೀರಿಯಾಗಳು ಬೇಗ ಬೆಳೆಯಲಾರವು, ರೋಗದ ವಿರುದ್ಧ ಹೋರಾಡುವ ಕಣಗಳು ಚುರುಕಾಗುತ್ತವೆ. ಇದನ್ನು ತಿಳಿದ ಮೇಲೆ ಜ್ವರವನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಒಂದು ಎಚ್ಚರಿಕೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಸಿಕ್ಕಿಬಿದ್ದು, ಅಥವಾ ಉರಿಬಿಸಿಲಲ್ಲಿ ಆಡಿ ಮಗುವಿನ ಮೈ ಕಾದಿದ್ದರೆ ಅದು ಜ್ವರವಲ್ಲ, ಶಾಖದ ಹೊಡೆತ. ಅಲ್ಲಿ ಮೆದುಳಿನ ಲಗಾಮು ಇರುವುದಿಲ್ಲ. ಪ್ಯಾರಾಸಿಟಮಾಲ್ ಅದಕ್ಕೆ ಕೆಲಸ ಮಾಡುವುದಿಲ್ಲ. ತಕ್ಷಣ ನೆರಳಿಗೆ ತಂದು, ಬಟ್ಟೆ ತೆಗೆದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಅಳೆಯುವುದು

ಅಮ್ಮನ ಕೈ ಒಳ್ಳೆಯ ಅಂದಾಜು ಕೊಡುತ್ತದೆ, ಆದರೆ ಒಂದು ಕಡೆಗೆ ಮಾತ್ರ. "ಜ್ವರ ಇಲ್ಲ" ಎಂದು ಕೈ ಹೇಳಿದರೆ ಬಹುತೇಕ ನಂಬಬಹುದು. "ಜ್ವರ ಇದೆ" ಎಂದರೆ ಥರ್ಮಾಮೀಟರ್ ಹಾಕಿ ಖಚಿತ ಮಾಡಿಕೊಳ್ಳಿ. ನಿಮ್ಮ ಕೈಯೇ ತಣ್ಣಗಿದ್ದರೆ ಎಲ್ಲವೂ ಬಿಸಿ ಅನ್ನಿಸುತ್ತದೆ.

ಡಿಜಿಟಲ್ ಥರ್ಮಾಮೀಟರ್ ಸಾಕು. ಹಳೆಯ ಪಾದರಸದ ಗಾಜಿನದು ಮನೆಯಲ್ಲಿದ್ದರೆ ಬಳಸಬೇಡಿ. ಅದು ಒಡೆದರೆ ಪಾದರಸ ನೆಲದಲ್ಲಿ ಉರುಳಿ ಹೋಗುತ್ತದೆ, ಅದರ ಆವಿ ವಿಷ. ಕಂಕುಳಲ್ಲಿ ಇಡುವಾಗ ಬೆವರು ಒರೆಸಿ, ತುದಿ ಕಂಕುಳ ನಡುವಿನ ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದುಕೊಳ್ಳಿ. ತೊಡೆ ಮೇಲೆ ಕೂರಿಸಿಕೊಂಡು ಅಪ್ಪಿಕೊಂಡರೆ ಪುಟ್ಟ ಮಕ್ಕಳು ಸುಮ್ಮನಿರುತ್ತಾರೆ. ಬೀಪ್ ಆಗುವವರೆಗೆ ಬಿಡಬೇಡಿ. ಆಗಷ್ಟೇ ಸ್ನಾನ ಮಾಡಿಸಿದ್ದರೆ, ದಪ್ಪ ಹೊದಿಕೆಯಿಂದ ಎದ್ದಿದ್ದರೆ, ಓಡಾಡಿ ಬಂದಿದ್ದರೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಅಳೆಯಿರಿ.

ಮೈಯ ಒಳಗಿನ ಶಾಖ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಜ್ವರ ಎನ್ನುತ್ತಾರೆ. ಕಂಕುಳಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತದೆ, ಅಲ್ಲಿ 99.5 ದಾಟಿದರೆ ಜ್ವರ ಎಂದುಕೊಳ್ಳಬಹುದು. ನೀವೇ ಒಂದು ಡಿಗ್ರಿ ಕೂಡಿಸಿ ಹೇಳಲು ಹೋಗಬೇಡಿ. ಎಲ್ಲಿ ಅಳೆದಿರಿ, ಎಷ್ಟು ಬಂತು ಎಂದು ಹಾಗೇ ಡಾಕ್ಟರಿಗೆ ಹೇಳಿ. ಆರೋಗ್ಯವಂತ ಮಗುವಿನ ಮೈ ಕೂಡ ಬೆಳಗ್ಗೆ ಕಡಿಮೆ, ಸಂಜೆ ಜಾಸ್ತಿ ಇರುತ್ತದೆ. ಬೆಳಗ್ಗೆ ಬಿಟ್ಟ ಜ್ವರ ಸಂಜೆಗೆ ಮತ್ತೆ ಬಂತು ಎಂದು ಗಾಬರಿಯಾಗುವವರಿಗೆ ಇದು ಗೊತ್ತಿರಲಿ.

ಎಷ್ಟು ಸಲ ಅಳೆಯಬೇಕು? ನಾಲ್ಕರಿಂದ ಆರು ಗಂಟೆಗೊಮ್ಮೆ ಸಾಕು, ಮಗು ಎಚ್ಚರವಿದ್ದಾಗ. ಹತ್ತು ಹತ್ತು ನಿಮಿಷಕ್ಕೆ ನೋಡಿದರೆ ನಮ್ಮ ಗಾಬರಿ ಏರುತ್ತದೆ, ಮಗುವಿಗೂ ಕಿರಿಕಿರಿ.

ಇನ್ನು ಮಗುವನ್ನು ನೋಡಿ

ಅಂಕಿ ಎಷ್ಟೇ ಇರಲಿ, ಎರಡು ನಿಮಿಷ ಕೂತು ಮಗುವನ್ನು ನೋಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದಾ? ನೀವು ಮಾತಾಡಿಸಿದರೆ ಗುರುತು ಹಿಡಿಯುತ್ತದಾ? ಎತ್ತಿಕೊಂಡರೆ ಅಳು ನಿಲ್ಲುತ್ತದಾ? ತುಟಿ ನಾಲಿಗೆ ಒದ್ದೆ ಇವೆಯಾ? 104 ಇದ್ದೂ ಆಟಿಕೆ ಕೇಳುವ ಮಗುವಿಗಿಂತ, 101 ಇದ್ದು ಬಟ್ಟೆಯ ಗೊಂಬೆಯ ಹಾಗೆ ಜೋತುಬಿದ್ದ ಮಗುವಿನ ಬಗ್ಗೆ ನಾನು ಜಾಸ್ತಿ ಹೆದರುತ್ತೇನೆ. ಅಂಕಿಯೇ ಮುಖ್ಯವಾಗುವ ಜಾಗ ಒಂದಿದೆ, ತೀರಾ ಎಳೆಯ ಕೂಸುಗಳು. ಅದನ್ನು ಮುಂದೆ ಹೇಳುತ್ತೇನೆ.

ಉಸಿರು ಎಣಿಸುವುದನ್ನು ಪ್ರತಿ ಅಮ್ಮನೂ ಕಲಿಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಷ್ಟವೇನಿಲ್ಲ. ಮಗು ಅಳದೆ ಸುಮ್ಮನಿರುವಾಗ ಅಥವಾ ಮಲಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಕಾಣುವಷ್ಟು ಬೆಳಕು ಮಾಡಿಕೊಳ್ಳಿ. ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಡಿ. ಹೊಟ್ಟೆ ಮೇಲೆದ್ದು ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರಾಟ ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಜ್ವರ ಏರಿದಾಗ ಉಸಿರು ಸ್ವಲ್ಪ ಜೋರಾಗುವುದು ಸಹಜ, ಜ್ವರ ಇಳಿದ ಮೇಲೂ ಹಾಗೇ ಇದ್ದರೆ ಇವತ್ತೇ ತೋರಿಸಿ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ನರಳುವ ಸದ್ದು ಬರುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಕುಡಿಸಿ, ಹಗುರ ಬಟ್ಟೆ ಹಾಕಿ, ಮಲಗಲು ಬಿಡಿ

ಜ್ವರದಲ್ಲಿ ಮೈಯಿಂದ ನೀರು ಜಾಸ್ತಿ ಹೋಗುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಕೇಳಿದಾಗಲೆಲ್ಲ ಕೊಡಿ, ಕೇಳದಿದ್ದರೂ ಕೊಡಿ. ದೊಡ್ಡ ಮಕ್ಕಳಿಗೆ ಎರಡು ಮೂರು ಗುಟುಕಿನಂತೆ ಆಗಾಗ. ವಾಂತಿ ಭೇದಿಯೂ ಇದ್ದರೆ ಒಆರ್‌ಎಸ್, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ಊಟ ಬೇಡ ಎಂದರೆ ಒತ್ತಾಯ ಬೇಡ. ಎರಡು ಮೂರು ದಿನ ಸರಿಯಾಗಿ ತಿನ್ನದಿದ್ದರೆ ಆರೋಗ್ಯವಂತ ಮಗುವಿಗೆ ಏನೂ ಆಗುವುದಿಲ್ಲ, ಕುಡಿಯದಿದ್ದರೆ ಮಾತ್ರ ಆಗುತ್ತದೆ.

ಬಟ್ಟೆಯ ವಿಷಯದಲ್ಲಿ ಮನೆಯ ಹಿರಿಯರ ಜೊತೆ ವಾದ ಬರುವುದು ಇಲ್ಲೇ. "ಗಾಳಿ ತಾಗೀತು, ಟೋಪಿ ಹಾಕು, ಕಂಬಳಿ ಸುತ್ತು" ಎನ್ನುತ್ತಾರೆ. ಅವರದೂ ಪ್ರೀತಿಯೇ. ಆದರೆ ಸುತ್ತಿದಷ್ಟೂ ಶಾಖ ಹೊರಗೆ ಹೋಗಲು ದಾರಿ ಇರುವುದಿಲ್ಲ. ಹಾಗೆಂದು ಬರಿಮೈಯಲ್ಲಿ ಫ್ಯಾನಿನ ಕೆಳಗೆ ಮಲಗಿಸುವುದೂ ಬೇಡ. ನಿಮಗೆ ಹಾಯೆನಿಸುವಷ್ಟು ಗಾಳಿ, ಮಗುವಿಗೆ ಒಂದು ತೆಳು ಬಟ್ಟೆ. ನಡುಗುತ್ತಿರುವಷ್ಟು ಹೊತ್ತು ಒಂದು ತೆಳು ಹೊದಿಕೆ ಹೊದಿಸಿ, ನಡುಕ ನಿಂತ ಮೇಲೆ ತೆಗೆಯಿರಿ. ಅಜ್ಜಿಯರ ಹತ್ತಿರ ವಾದ ಮಾಡುವ ಬದಲು ನಾನು "ಡಾಕ್ಟರು ಹೀಗೆ ಹೇಳಿದ್ದಾರೆ ಅಮ್ಮ" ಎಂದು ಮೆತ್ತಗೆ ಹೇಳುತ್ತೇನೆ, ಜೊತೆಗೆ ಕುಡಿಸುವ ಕೆಲಸವನ್ನು ಅವರ ಕೈಗೇ ಕೊಡುತ್ತೇನೆ. ಅವರಷ್ಟು ತಾಳ್ಮೆಯಿಂದ ಗುಟುಕು ಗುಟುಕಾಗಿ ಕುಡಿಸಲು ನನಗೆ ಬರುವುದಿಲ್ಲ.

ಒದ್ದೆ ಬಟ್ಟೆ? ನನ್ನ ಮಗಳಿಗೆ ಆದದ್ದೇ ಬಹಳ ಮಕ್ಕಳಿಗೆ ಆಗುತ್ತದೆ. ತಣ್ಣೀರು ಮೈ ಮೇಲೆ ಬಿದ್ದಾಗ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ನಡುಕ ಹುಟ್ಟುತ್ತದೆ, ನಡುಕದಿಂದ ಒಳಗೆ ಇನ್ನಷ್ಟು ಬಿಸಿ. ಮೆದುಳಿನ ಮಟ್ಟ ಮೇಲೇ ಇರುವವರೆಗೆ ಹೊರಗಿನಿಂದ ಒರೆಸಿದ್ದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬ್ರಿಟನ್ನಿನ ವೈದ್ಯರಿಗಿರುವ ನೈಸ್ ಮಾರ್ಗಸೂಚಿಯಂತೂ ಜ್ವರ ಇಳಿಸಲು ಮೈ ಒರೆಸಬೇಡಿ ಎಂದೇ ಹೇಳುತ್ತದೆ. ಹಣೆಗೆ ಒಂದು ಒದ್ದೆ ಬಟ್ಟೆ ಮಗುವಿಗೆ ಹಿತ ಅನ್ನಿಸಿದರೆ ಇಡಿ, ಬೇಡ ಎಂದರೆ ಬಿಡಿ. ಸ್ಪಿರಿಟ್, ಆಲ್ಕೋಹಾಲ್ ಹಚ್ಚಿ ಒರೆಸುವುದು ಮಾತ್ರ ಯಾವತ್ತೂ ಬೇಡ. ಅದು ಚರ್ಮದ ಮೂಲಕ, ಉಸಿರಿನ ಮೂಲಕ ಮಗುವಿನ ಒಳಗೆ ಹೋಗುತ್ತದೆ.

ಔಷಧಿ: ಇಲ್ಲಿ ನಿಧಾನವಾಗಿ ಓದಿ

ಜ್ವರ ಇದೆ ಎಂಬ ಒಂದೇ ಕಾರಣಕ್ಕೆ ಔಷಧಿ ಬೇಕಾಗಿಲ್ಲ. ಮಗು ಸಂಕಟ ಪಡುತ್ತಿದ್ದರೆ, ಮೈಕೈ ನೋವಿಂದ ಅಳುತ್ತಿದ್ದರೆ, ಕುಡಿಯಲು ಒಪ್ಪದಿದ್ದರೆ ಕೊಡಿ. ಆಡಿಕೊಂಡಿದ್ದರೆ ಬಿಡಿ. ಮಲಗಿದ್ದರೆ ಎಬ್ಬಿಸಬೇಡಿ, ಆ ನಿದ್ದೆ ಸಿರಪ್ಪಿಗಿಂತ ದೊಡ್ಡದು.

ಮಕ್ಕಳಿಗೆ ಮೊದಲ ಔಷಧಿ ಪ್ಯಾರಾಸಿಟಮಾಲ್. ಪ್ರಮಾಣ ನಿಲ್ಲುವುದು ವಯಸ್ಸಿಗಿಂತ ತೂಕದ ಮೇಲೆ. ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ನಿಮ್ಮ ಮಗುವಿಗೆ ಎಷ್ಟು ಎಂದು ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ, ಜ್ವರದ ರಾತ್ರಿ ಲೆಕ್ಕ ಮಾಡಲು ಹೋಗಬೇಡಿ.

ದೊಡ್ಡ ತಪ್ಪು ಆಗುವುದು ಬಾಟಲಿಯಲ್ಲಿ. ಅದೇ ಔಷಧಿ ಬೇರೆ ಬೇರೆ ಗಟ್ಟಿಯಲ್ಲಿ ಬರುತ್ತದೆ. ಹತ್ತು ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ. 5 ಮಿಲೀಲಿಟರಿನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದರೆ ಅದು ಸುಮಾರು 6 ಮಿಲೀಲಿಟರ್. 5 ಮಿಲೀಲಿಟರಿನಲ್ಲಿ 250 ಇರುವ ಸಿರಪ್ ಆದರೆ ಬರೀ 3. ಎಳೆಯ ಮಕ್ಕಳ ಡ್ರಾಪ್ಸ್ ಬಾಟಲಿಯಲ್ಲಿ ಒಂದೇ ಮಿಲೀಲಿಟರಿನಲ್ಲಿ 100 ಮಿಲಿಗ್ರಾಂ ಇದ್ದರೆ ಅದರಲ್ಲಿ 1.5 ಮಾತ್ರ. ಡ್ರಾಪ್ಸ್ ಬಾಟಲಿ ಪುಟ್ಟದು, ಮೆದು ಔಷಧಿ ಇರಬೇಕು ಎಂದು ಅನ್ನಿಸುತ್ತದೆ, ಆದರೆ ಗಟ್ಟಿ ಇರುವುದು ಅದೇ. ಅದನ್ನು ಸಿರಪ್ ಎಂದುಕೊಂಡು 6 ಮಿಲೀಲಿಟರ್ ಹಾಕಿದರೆ 600 ಮಿಲಿಗ್ರಾಂ ಆಯಿತು, ನಾಲ್ಕು ಪಟ್ಟು. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ, ಅದೂ ಮೊದಲ ದಿನ ಏನೂ ಗೊತ್ತಾಗದ ಹಾಗೆ. ಹಾಗೇನಾದರೂ ಜಾಸ್ತಿ ಹೋಗಿದೆ ಅನ್ನಿಸಿದರೆ ಮಗು ಆಡಿಕೊಂಡಿದ್ದರೂ ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ನಾನು ಮಾಡುವುದು ಇಷ್ಟು. ಬಾಟಲಿಯ ಮೇಲೆ ಒಂದು ಚೀಟಿ ಅಂಟಿಸಿ, ಮಗುವಿನ ತೂಕ, ತೂಕ ನೋಡಿದ ತಾರೀಕು, ಒಂದು ಸಲಕ್ಕೆ ಎಷ್ಟು ಮಿಲೀಲಿಟರ್ ಎಂದು ದಪ್ಪಕ್ಷರದಲ್ಲಿ ಬರೆದಿಡುತ್ತೇನೆ. ಅಡುಗೆಮನೆಯ ಚಮಚ ಬಳಸುವುದಿಲ್ಲ, ಗೆರೆ ಇರುವ ಸಿರಿಂಜು ಅಥವಾ ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳವನ್ನೇ ಬಳಸುತ್ತೇನೆ. ಸಿರಿಂಜಿನ ತುದಿ ಕೆನ್ನೆಯ ಒಳಬದಿಗೆ ಇಟ್ಟು ನಿಧಾನವಾಗಿ ಒತ್ತಿದರೆ ಮಗು ಉಗುಳುವುದಿಲ್ಲ. ಗಂಟಲಿಗೆ ನೇರ ಚಿಮ್ಮಿಸಬೇಡಿ. ನೆಗಡಿ ಕೆಮ್ಮಿನ ಎಷ್ಟೋ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಎರಡನ್ನೂ ಕೊಟ್ಟರೆ ಗೊತ್ತಿಲ್ಲದೆ ಎರಡು ಪಾಲು ಹೋಗುತ್ತದೆ, ಲೇಬಲ್ ಓದಿ.

ಕೊಟ್ಟ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. 104 ಇದ್ದದ್ದು 102ಕ್ಕೆ ಇಳಿದರೆ ಔಷಧಿ ಕೆಲಸ ಮಾಡಿದೆ ಎಂದೇ ಅರ್ಥ. ಪೂರ್ತಿ ಇಳಿಯಲಿಲ್ಲ ಎಂದು ಇನ್ನೊಂದು ಸಲ ಹಾಕಬೇಡಿ. ಇನ್ನೊಂದು ಮಾತು: ಔಷಧಿಗೆ ಜ್ವರ ಇಳಿಯಿತು ಎಂದರೆ ಕಾಯಿಲೆ ಸಣ್ಣದು ಎಂದಲ್ಲ, ಇಳಿಯಲಿಲ್ಲ ಎಂದರೆ ದೊಡ್ಡದು ಎಂದೂ ಅಲ್ಲ.

ಐಬುಪ್ರೊಫೇನ್ ಡಾಕ್ಟರು ಹೇಳಿದರೆ ಮಾತ್ರ. ವಾಂತಿ ಭೇದಿಯಿಂದ ನೀರು ಕಡಿಮೆಯಾದ ಮಗುವಿಗೆ ಅದು ಕಿಡ್ನಿಗೆ ತೊಂದರೆ, ಡೆಂಗಿ ಸಂಶಯವಿದ್ದರೆ ರಕ್ತಸ್ರಾವದ ಅಪಾಯ, ಸಿಡುಬಿನ ಥರ ಗುಳ್ಳೆ ಏಳುವ ಚಿಕನ್‌ಪಾಕ್ಸ್‌ನಲ್ಲೂ ಬೇಡ. ಎರಡೂ ಔಷಧಿಗಳನ್ನು ಒಟ್ಟಿಗೆ ಕೊಡಬೇಡಿ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು, ರೇಸ್ ಸಿಂಡ್ರೋಮ್ ಎಂಬ, ಮೆದುಳು ಲಿವರ್ ಎರಡನ್ನೂ ಹಿಡಿಯುವ ಅಪರೂಪದ ಕಾಯಿಲೆ ಬರಬಹುದು. ಇನ್ನು ಹಳೆಯ ಆ್ಯಂಟಿಬಯೋಟಿಕ್ ಉಳಿದಿದೆ ಎಂದು ಕೊಡುವುದು. ಮಕ್ಕಳ ಜ್ವರದಲ್ಲಿ ಹೆಚ್ಚಿನವು ವೈರಸ್ಸಿನವು, ಆ್ಯಂಟಿಬಯೋಟಿಕ್ ಅದಕ್ಕೆ ಏನೂ ಮಾಡುವುದಿಲ್ಲ.

ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಜ್ವರ ಬರಬಹುದು, ದಡಾರದ ಲಸಿಕೆಯಾದರೆ ವಾರ ಹತ್ತು ದಿನ ಬಿಟ್ಟು ಬರಬಹುದು. ಜ್ವರ ಬರುವ ಮೊದಲೇ ಸುಮ್ನೆ ಸಿರಪ್ ಹಾಕುವ ಅಭ್ಯಾಸ ಬೇಡ, ಡಾಕ್ಟರು ಹೇಳಿದ್ದರೆ ಬೇರೆ. ಹಲ್ಲು ಬರುವಾಗ ಮೈ ಚೂರು ಬೆಚ್ಚಗಾಗಬಹುದು ಅಷ್ಟೇ, 102 ಜ್ವರವನ್ನು ಹಲ್ಲಿನ ತಲೆಗೆ ಕಟ್ಟಬೇಡಿ.

ಫಿಟ್ಸ್ ಬಂದರೆ

ನನ್ನ ತಂಗಿಯ ಮಗನಿಗೆ ಒಂದೂವರೆ ವರ್ಷವಿದ್ದಾಗ ಜ್ವರದಲ್ಲಿ ಫಿಟ್ಸ್ ಬಂತು. ನಾನು ಅಲ್ಲೇ ಇದ್ದೆ. ಕಣ್ಣು ಮೇಲೆ ಸಿಕ್ಕಿಕೊಂಡಿತು, ಕೈಕಾಲು ಸೆಟೆದು ಅದುರತೊಡಗಿದವು, ತುಟಿ ನೀಲಿಯಾಯಿತು. ತಂಗಿ "ಹೋಗಿಬಿಟ್ಟ" ಎಂದು ಕೂಗಿದಳು. ಆಮೇಲೆ ಗಡಿಯಾರ ನೋಡಿ ಲೆಕ್ಕ ಹಾಕಿದರೆ ಎರಡು ನಿಮಿಷವೂ ಆಗಿರಲಿಲ್ಲ. ನಮಗೆ ಅದು ಒಂದು ಯುಗ. ಈಗ ಅವನು ಶಾಲೆಗೆ ಹೋಗುತ್ತಾನೆ, ಚೆನ್ನಾಗಿದ್ದಾನೆ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಹೀಗೆ ಜ್ವರದ ಫಿಟ್ಸ್ ಬರುತ್ತದೆ. ನೋಡಲು ಭಯಂಕರ, ಆದರೆ ಚಿಕ್ಕದಾಗಿ ಬಂದು ನಿಂತರೆ ಮೆದುಳಿಗೆ ಹಾನಿ ಮಾಡುವುದಿಲ್ಲ. ಒಮ್ಮೆ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮತ್ತೆ ಬರಬಹುದು. ಗಂಟೆಗೊಮ್ಮೆ ಸಿರಪ್ ಹಾಕಿ ಅದನ್ನು ತಡೆಯಬಹುದು ಎಂಬುದು ನಿಜವಲ್ಲ. ಆ ಭಯಕ್ಕೇ ಜಾಸ್ತಿ ಔಷಧಿ ಕೊಡುವ ಅಮ್ಮಂದಿರಿದ್ದಾರೆ, ದಯವಿಟ್ಟು ಬೇಡ.

ಫಿಟ್ಸ್ ಬಂದಾಗ ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಸುತ್ತ ಗಟ್ಟಿ ಸಾಮಾನಿದ್ದರೆ ಸರಿಸಿ. ಕುತ್ತಿಗೆಯ ಬಟ್ಟೆ ಸಡಿಲ ಮಾಡಿ. ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನೂ ಬೇಡ. ಕೈಕಾಲು ಒತ್ತಿ ಹಿಡಿಯಬೇಡಿ, ಅಲುಗಾಡಿಸಬೇಡಿ. ಐದು ನಿಮಿಷ ದಾಟಿದರೆ, ನಿಂತು ಮತ್ತೆ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ ಆಂಬ್ಯುಲೆನ್ಸ್. ಬೇಗ ನಿಂತರೂ ಮೊದಲ ಸಲ ಆಗಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಲೇಬೇಕು.

ಯಾವಾಗ ಓಡಬೇಕು

ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ ಅಷ್ಟೇ ಸಾಕು, ನಗುತ್ತಿದ್ದರೂ ಹೊರಡಿ. ಮನೆಯಲ್ಲಿ ಸಿರಪ್ ಹಾಕಿ ನೋಡೋಣ ಎನ್ನುವುದು ಆ ವಯಸ್ಸಿಗೆ ಇಲ್ಲ. ಅಷ್ಟು ಎಳೆಯ ಮಕ್ಕಳಲ್ಲಿ ದೊಡ್ಡ ಸೋಂಕಿಗೂ ಹೊರಗಿನ ಗುರುತು ಕಡಿಮೆ. ಎಷ್ಟೋ ಸಲ ಜ್ವರದ ಬದಲು ಮೈ ತಣ್ಣಗಾಗಿ ಹಾಲು ಬಿಡುತ್ತವೆ, ಅದೂ ಅಷ್ಟೇ ಅಪಾಯ. ಮೂರರಿಂದ ಆರು ತಿಂಗಳ ಮಗುವಿಗೆ 102.2 ಬಂದರೆ ಅವತ್ತೇ ತೋರಿಸಿ.

ಯಾವ ವಯಸ್ಸೇ ಆಗಲಿ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಏನೂ ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ತುಟಿ ನೀಲಿ ಅಥವಾ ಮೈ ಬೂದುಬಣ್ಣವಾದರೆ, ಕುತ್ತಿಗೆ ಬಗ್ಗಿಸಲು ಆಗದಿದ್ದರೆ, ಪುಟ್ಟ ಮಗುವಿನ ನೆತ್ತಿ ಉಬ್ಬಿದ್ದರೆ ಹಗಲು ರಾತ್ರಿ ನೋಡಬೇಡಿ. ಎಂಟು ಗಂಟೆ ಮೂತ್ರವೇ ಇಲ್ಲದಿದ್ದರೆ, ಅಳುವಾಗ ಕಣ್ಣೀರಿಲ್ಲದಿದ್ದರೆ, ನೆತ್ತಿ ಗುಳಿ ಬಿದ್ದಿದ್ದರೆ ನೀರು ತೀರಾ ಕಡಿಮೆಯಾಗಿದೆ. ಮೈ ಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಕಂಡರೆ ಒಂದು ಗಾಜಿನ ಲೋಟದ ಬದಿಯನ್ನು ಅದರ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಒತ್ತಿದರೂ ಚುಕ್ಕೆ ಮಾಸದಿದ್ದರೆ ರಕ್ತಕ್ಕೆ ಸೋಂಕು ಏರಿರಬಹುದು, ತಕ್ಷಣ ಆಸ್ಪತ್ರೆ.

ಐದು ದಿನವಾದರೂ ಜ್ವರ ಬಿಡದಿದ್ದರೆ ಮಗು ಆಡಿಕೊಂಡಿದ್ದರೂ ತೋರಿಸಿ. ಜೊತೆಗೆ ಕಣ್ಣು ಕೆಂಪಾಗಿ, ತುಟಿ ಕೆಂಪಾಗಿ ಒಡೆದು, ಕೈ ಪಾದ ಊದಿದ್ದರೆ ಕಾವಾಸಾಕಿ ಕಾಯಿಲೆ ಇರಬಹುದು. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿ 1967ರಲ್ಲಿ ಇದನ್ನು ವಿವರಿಸಿ ಬರೆದರು. ತಡ ಮಾಡಿದರೆ ಹೃದಯದ ರಕ್ತನಾಳಗಳಿಗೆ ಪೆಟ್ಟು ಬೀಳುತ್ತದೆ. ಡೆಂಗಿಯಲ್ಲಿ ಇನ್ನೊಂದು ವಿಚಿತ್ರ ಇದೆ, ಜ್ವರ ಬಿಟ್ಟ ಮೇಲೇ ಅಪಾಯ ಶುರು. ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿದು, ಹೊಟ್ಟೆ ನೋವು, ಪದೇ ಪದೇ ವಾಂತಿ, ಒಸಡಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ "ಜ್ವರ ಬಿಟ್ಟಿತಲ್ಲ" ಎಂದು ಕೂರಬೇಡಿ.

ಈ ಯಾವ ಗುರುತೂ ಇಲ್ಲದೆ, ಮಗು ಯಾವತ್ತಿನ ಹಾಗಿಲ್ಲ, ಏನೋ ಸರಿಯಿಲ್ಲ ಎಂದು ನಿಮಗೆ ಅನ್ನಿಸಿದರೂ ಹೋಗಿ. ಸುಮ್ನೆ ಬಂದಿರಿ ಎಂದು ಯಾರಾದರೂ ಹೇಳಿದರೆ ಹೇಳಲಿ.

ಒಂದು ಚಿಕ್ಕ ಪುಸ್ತಕ

ಸಮಯ, ಎಷ್ಟು ಡಿಗ್ರಿ, ಯಾವ ಔಷಧಿ ಎಷ್ಟು, ಏನು ಕುಡಿಯಿತು, ಮೂತ್ರ ಯಾವಾಗ, ಮಗು ಹೇಗಿತ್ತು. ಜ್ವರ ಶುರುವಾದ ಗಂಟೆಯಿಂದ ಇಷ್ಟನ್ನು ಬರೆಯಿರಿ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: "ರಾತ್ರಿ 9:40, ಕಂಕುಳಲ್ಲಿ 102.4, ಸಿರಪ್ ಕೊಟ್ಟೆ, ಅರ್ಧ ಲೋಟ ನೀರು, ಡೈಪರ್ ಒದ್ದೆ, 10:30ಕ್ಕೆ ಗೊಂಬೆ ಕೇಳಿದಳು." ಇದರಿಂದ ಅಪ್ಪನೂ ಅಮ್ಮನೂ ಗೊತ್ತಿಲ್ಲದೆ ಎರಡೆರಡು ಸಲ ಔಷಧಿ ಕೊಡುವುದು ತಪ್ಪುತ್ತದೆ. ರಾತ್ರಿ ಎಲ್ಲರೂ ಎದ್ದಿರಬೇಕಾಗಿಲ್ಲ, ಪುಸ್ತಕ ಕೈ ಬದಲಿಸಿ ಒಬ್ಬರು ಮಲಗಬಹುದು. ಡಾಕ್ಟರು ಮುಂದೆ ಕೂತು ಕೇಳಿದಾಗ ತಡವರಿಸುವುದೂ ಇಲ್ಲ.

ಜ್ವರ ಪೂರ್ತಿ ಬಿಟ್ಟು, ಔಷಧಿ ಇಲ್ಲದೆ ಒಂದು ದಿನ ಕಳೆದ ಮೇಲೆ ಶಾಲೆಗೆ ಕಳಿಸಿ. ಹಸಿವು ಮರಳಲು ಇನ್ನೂ ಕೆಲವು ದಿನ ಹಿಡಿಯುತ್ತದೆ. ಬಾಟಲಿಯ ಮೇಲೆ ತೆರೆದ ತಾರೀಕು ಬರೆದು, ಮುಚ್ಚಳ ಬಿಗಿದು, ಮಗುವಿನ ಕೈಗೆ ಎಟುಕದ ಕಡೆ ಇಡಿ. ಮುಂದಿನ ಸಲ ಮಗುವಿನ ತೂಕ ನೋಡಿದ ದಿನವೇ ಅದರ ಮೇಲಿನ ಚೀಟಿಯನ್ನೂ ಬದಲಿಸಿ.